ಊಟವಾಗಿ ಮೂರೂವರೆ ಗಂಟೆಗೆ ಸಕ್ಕರೆ 52ಕ್ಕೆ ಬೀಳ್ತಿದೆ (ಸಿಮ್ಯುಲೇಟರಿನಲ್ಲಿ): ಸ್ವಯಂಚಾಲಿತ ಇನ್ಸುಲಿನ್ ಪ್ರಾಜೆಕ್ಟಿಗೆ ಸಲಹೆ ಬೇಕು

ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಕೊನೇ ವರ್ಷ, ಮೂವರ ತಂಡ. ಟೈಪ್ 1 ಮಧುಮೇಹ ಇರುವವರಿಗೆ ಸೆನ್ಸರ್ ತೋರಿಸುವ ಸಕ್ಕರೆ ನೋಡಿಕೊಂಡು ಪಂಪಿನ ಇನ್ಸುಲಿನ್ ತಾನಾಗಿ ಏರಿಸಿ ಇಳಿಸುವ ಕಂಟ್ರೋಲರ್ ನಮ್ಮ ವಿಷಯ.

ಪೈಥಾನಿನ ಸಿಮ್‌ಗ್ಲೂಕೋಸ್ (ಕಾಲ್ಪನಿಕ ರೋಗಿಗಳಿರುವ ಸಿಮ್ಯುಲೇಟರ್) ಮೇಲೆ ಒಂದು ಪಿಐಡಿ ಬರೆದಿದ್ದೇವೆ, ಅಂದರೆ ಗುರಿಯಿಂದ ಈಗ ಎಷ್ಟು ದೂರ, ಈವರೆಗಿನ ದೂರ ಒಟ್ಟು ಎಷ್ಟು (ಇಂಟಿಗ್ರಲ್), ಎಷ್ಟು ವೇಗದಲ್ಲಿ ಬದಲಾಗುತ್ತಿದೆ (ಡೆರಿವೇಟಿವ್) ಎಂಬುದರಿಂದ ಡೋಸ್ ತೀರ್ಮಾನಿಸುವ ಕಂಟ್ರೋಲರ್. ಪ್ರಯೋಗಕ್ಕೆ ಇಟ್ಟುಕೊಂಡ ವಯಸ್ಕ ರೋಗಿಗೆ ದಿನಕ್ಕೆ ಒಟ್ಟು 36 ಯೂನಿಟ್, ಬೇಸಲ್ (ಊಟವಿಲ್ಲದಾಗಲೂ ಸಣ್ಣಗೆ ಹರಿಯುತ್ತಿರುವ ಇನ್ಸುಲಿನ್) ಗಂಟೆಗೆ 0.75. ರೂಢಿಯ ಸೂತ್ರದಂತೆ 1800ನ್ನು 36ರಿಂದ ಭಾಗಿಸಿ ಒಂದು ಯೂನಿಟ್ಟಿಗೆ ಸಕ್ಕರೆ 50 ಮಿ.ಗ್ರಾಂ ಇಳಿಯುತ್ತದೆ ಎಂದೂ, 500ನ್ನು ಭಾಗಿಸಿ ಒಂದು ಯೂನಿಟ್ 14 ಗ್ರಾಂ ಪಿಷ್ಟಕ್ಕೆ (ಕಾರ್ಬೋಹೈಡ್ರೇಟಿಗೆ) ಆಗುತ್ತದೆ ಎಂದೂ ತಗೊಂಡಿದ್ದೇವೆ. ಗುರಿ 110. ಸೆನ್ಸರ್ ಡೆಕ್ಸ್‌ಕಾಮ್ ಮಾದರಿ, ಲೆಕ್ಕ 5 ನಿಮಿಷಕ್ಕೊಮ್ಮೆ. ಗುರಿಗಿಂತ ಪ್ರತಿ 1 ಮಿ.ಗ್ರಾಂ ಹೆಚ್ಚಾದಾಗ ಗಂಟೆಗೆ 0.03 ಯೂನಿಟ್ ಸೇರಿಸುತ್ತದೆ, ಅದರ ಮೇಲೆ ಸ್ವಲ್ಪ ಇಂಟಿಗ್ರಲ್.

ಮಧ್ಯಾಹ್ನ 1 ಗಂಟೆಗೆ 70 ಗ್ರಾಂ ಪಿಷ್ಟದ ಊಟ, ಕಂಟ್ರೋಲರಿಗೆ ಹೇಳದೆ. 1:00ಕ್ಕೆ 115, 2:20ಕ್ಕೆ 245, 3:00ಕ್ಕೆ 190, 4:30ಕ್ಕೆ 52. ಗೇನ್ (ಆ 0.03) ಇಳಿಸಿದರೆ ಮೇಲೆ 300 ದಾಟುತ್ತದೆ, ಏರಿಸಿದರೆ ಕೆಳಗೆ 40 ಮುಟ್ಟುತ್ತದೆ. ಡೆರಿವೇಟಿವ್ ಹಾಕಿದರೆ ಸೆನ್ಸರ್ ನಾಯ್ಸಿಗೆ ಪಂಪು ಕುಣಿಯುತ್ತದೆ. ಲಾಗ್ ಫೈಲ್ ಕೆಳಗೆ ಲಗತ್ತಿಸಿದ್ದೇನೆ.

ಇದು ಟ್ಯೂನಿಂಗ್ ಸಮಸ್ಯೆಯೋ, ವಿಧಾನವೇ ತಪ್ಪೋ? ಗೈಡ್‌ಗೆ ತೋರಿಸುವ ಮೊದಲು ಯಾವ ಯಾವ ಪರೀಕ್ಷೆ ಮಾಡಿಸಬೇಕು? ಮುಂದಿನ ಸೆಮಿಸ್ಟರಿನಲ್ಲಿ ಒಂದು ಹಳೆ ಪಂಪು ಸಿಗುವುದಿದೆ. ನಮ್ಮ ಕರಾವಳಿಯ ಸೆಖೆ, ಮಳೆ, ಊಟ ಇವನ್ನೆಲ್ಲ ಲೆಕ್ಕಕ್ಕೆ ತಗೊಳ್ಳುವುದು ಹೇಗೆ?

ಸೋಂದಾ_ಲೂಪ್, ಶಿರಸಿ

ಲಾಗ್ ತೆರೆದು ನೋಡಿದೆ. ವಿಧಾನಕ್ಕೆ ಬರುವ ಮೊದಲು ಎರಡು ಸಣ್ಣ ವಿಷಯ.

ನಿಮ್ಮ ಸಾಲುಗಳ ನಡುವಿನ ಅಂತರ 5 ನಿಮಿಷ ಅಲ್ಲ, 3 ನಿಮಿಷ. ಸಿಮ್‌ಗ್ಲೂಕೋಸಿನಲ್ಲಿ ಡೆಕ್ಸ್‌ಕಾಮ್ ಮಾದರಿ 3 ನಿಮಿಷಕ್ಕೊಮ್ಮೆ ಓದುತ್ತದೆ, ಗಾರ್ಡಿಯನ್ 5 ನಿಮಿಷಕ್ಕೆ, ನ್ಯಾವಿಗೇಟರ್ 1 ನಿಮಿಷಕ್ಕೆ. ಕೋಡಿನಲ್ಲಿ 5 ಎಂದು ಬರೆದಿಟ್ಟಿರುವುದರಿಂದ ಇಂಟಿಗ್ರಲ್ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ವೇಗದಲ್ಲಿ ತುಂಬುತ್ತಿದೆ. ಅಂತರವನ್ನು ಸಿಮ್ಯುಲೇಟರಿನಿಂದಲೇ ಓದಿಕೊಳ್ಳಿ. ಇನ್ನೊಂದು, ಅಲ್ಲಿ ಬೇಸಲ್ಲೂ ಬೋಲಸ್ಸೂ (ಊಟಕ್ಕೆಂದು ಒಮ್ಮೆಲೇ ಕೊಡುವ ಡೋಸ್) ಎರಡೂ ನಿಮಿಷಕ್ಕೆ ಇಷ್ಟು ಯೂನಿಟ್ ಎಂಬ ಲೆಕ್ಕದಲ್ಲಿ ಹೋಗಬೇಕು. ಬೇಸಲ್ಲನ್ನು 60ರಿಂದ ಸರಿಯಾಗಿ ಭಾಗಿಸಿದ್ದೀರಿ. ಮುಂದೆ ಬೋಲಸ್ ಸೇರಿಸುವಾಗ 2 ಯೂನಿಟ್ ಎಂದು ನೇರ ಬರೆದರೆ 3 ನಿಮಿಷದ ಹೆಜ್ಜೆಯಲ್ಲಿ 6 ಯೂನಿಟ್ ಹೋಗುತ್ತದೆ. ಹೆಜ್ಜೆಯ ಉದ್ದದಿಂದ ಭಾಗಿಸಿ ಕೊಡಿ.

ಇವೆರಡನ್ನು ಸರಿಪಡಿಸಿದರೂ ಸಕ್ಕರೆ ಬೀಳುತ್ತದೆ. ಯಾಕೆಂದರೆ ನಿಮ್ಮ ಕಂಟ್ರೋಲರಿಗೆ ತಾನು ಆಗಲೇ ಎಷ್ಟು ಕೊಟ್ಟಿದ್ದೇನೆ ಎಂಬ ನೆನಪೇ ಇಲ್ಲ. ಚರ್ಮದ ಕೆಳಗೆ ಹಾಕಿದ ವೇಗದ ಇನ್ಸುಲಿನ್ ಕೆಲಸ ಶುರುಮಾಡುವುದಕ್ಕೆ 10ರಿಂದ 20 ನಿಮಿಷ ಬೇಕು, ಜೋರು ಕಾಣುವುದು 75 ನಿಮಿಷದ ಸುಮಾರಿಗೆ, ಪೂರ್ತಿ ಮುಗಿಯುವುದಕ್ಕೆ 5–6 ಗಂಟೆ. ಸೆನ್ಸರ್ ಓದುವುದೂ ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ಅಲ್ಲಿ 5ರಿಂದ 15 ನಿಮಿಷ ತಡ. ಹಾಗಾಗಿ 2:20ಕ್ಕೆ 245 ಕಂಡಾಗ ಅದನ್ನು ಇಳಿಸುವ ಇನ್ಸುಲಿನ್ ಬಹುಪಾಲು ಒಳಗೆ ಹೋಗಿಯಾಗಿದೆ. ನಿಮ್ಮ ಪಿಐಡಿಗೆ ಕಾಣುವುದು 135ರ ವ್ಯತ್ಯಾಸ ಮಾತ್ರ, ಅದು ಇನ್ನಷ್ಟು ಸುರಿಯುತ್ತದೆ.

3:00 ಗಂಟೆಯ ಸಾಲನ್ನೇ ತಗೊಳ್ಳಿ. ಅದಕ್ಕೆ ಮುಂಚೆ ಬೇಸಲ್ ಬಿಟ್ಟು ಹೆಚ್ಚುವರಿಯಾಗಿ ಹೋದದ್ದನ್ನೆಲ್ಲ ಇನ್ಸುಲಿನ್ ಕಾಲಕ್ರಮೇಣ ಮುಗಿಯುವ ಕರ್ವಿನ ಮೇಲಿಟ್ಟು ಕೂಡಿದೆ. ಇನ್ನೂ ಕೆಲಸ ಮಾಡದೆ ಉಳಿದಿರುವುದು 4.2 ಯೂನಿಟ್. ಅದು ಇಳಿಸುವುದು 4.2 × 50 = 210. ಊಟದಲ್ಲಿ ಇನ್ನೂ ಕರಗದೆ 20 ಗ್ರಾಂ ಉಳಿದಿದೆ ಎಂದು ಉದಾರವಾಗಿ ಇಟ್ಟುಕೊಂಡರೂ ಅದು ಏರಿಸುವುದು 71. ಅಂದರೆ 190 − 210 + 71 = 51. ನಿಮ್ಮ 52 ಒಂದೂವರೆ ಗಂಟೆ ಮೊದಲೇ ಬರೆದಿಟ್ಟ ಹಾಗಿತ್ತು. ಆ ಹೊತ್ತಿಗೆ ಪಂಪು ಪೂರ್ತಿ ನಿಂತಿರಬೇಕಿತ್ತು. ನಿಮ್ಮದು ಗಂಟೆಗೆ 2.4 ಯೂನಿಟ್ ಮೇಲಿಂದ ಕೊಡುತ್ತಿತ್ತು.

ಕೊಟ್ಟದ್ದನ್ನು ವಾಪಸು ತೆಗೆಯಲು ಬರುವುದಿಲ್ಲ ಎಂಬುದು ಈ ಕೆಲಸದ ಮುಖ್ಯ ತೊಡಕು. ಒಂದು ಗಂಟೆ ಪೂರ್ತಿ ನಿಲ್ಲಿಸಿದರೂ ಉಳಿಯುವುದು 0.75 ಯೂನಿಟ್, ಅಂದರೆ 37 ಮಿ.ಗ್ರಾಂ, ಅದೂ ನಿಧಾನವಾಗಿ. ಮೇಲಕ್ಕೆ ಬೇಕಾದಷ್ಟು ಜಾಗ, ಕೆಳಗೆ ಸೊನ್ನೆಯಲ್ಲಿ ಗೋಡೆ. ಮಾಮೂಲಿ ಪಿಐಡಿ ಪಾಠ ಇಲ್ಲಿ ಕೈಕೊಡುವುದು ಅದಕ್ಕೇ.

ಮಾಡಬೇಕಾದ್ದು: 75 ನಿಮಿಷಕ್ಕೆ ತುದಿ, ಒಟ್ಟು 6 ಗಂಟೆ ಇರುವ ಎಕ್ಸ್‌ಪೊನೆನ್ಶಿಯಲ್ ಕರ್ವ್ ಬರೆಯಿರಿ. ನಿಮ್ಮ ಫಂಕ್ಷನ್ ಸರಿಯಿದೆಯೇ ನೋಡಲು ಒಂದು ಯೂನಿಟ್ ಹಾಕಿ: 1 ಗಂಟೆಗೆ ಉಳಿಕೆ 0.78, 2 ಗಂಟೆಗೆ 0.45, 3 ಗಂಟೆಗೆ 0.21, 4 ಗಂಟೆಗೆ 0.07 ಬರಬೇಕು. ಫಿಯಾಸ್ಪ್ (ಇನ್ನೂ ವೇಗದ ಇನ್ಸುಲಿನ್) ಆದರೆ ತುದಿಯನ್ನು 55 ನಿಮಿಷಕ್ಕೆ ಎಳೆಯಿರಿ. ಒಟ್ಟು ಅವಧಿಯನ್ನು 3 ಗಂಟೆ ಎಂದು ಮೊಟಕು ಮಾಡಬೇಡಿ. ಬಾಲದ ಇನ್ಸುಲಿನ್ ಲೆಕ್ಕ ತಪ್ಪಿ ಸಂಜೆ ಹೊತ್ತಿಗೆ ಒಂದರ ಮೇಲೊಂದು ಕೂತಿರುತ್ತದೆ.

ಆಮೇಲೆ ಓಪನ್‌ಎಪಿಎಸ್‌ನ ಓರೆಫ್0 ಕೋಡ್ (ಬಳಕೆದಾರರೇ ಕಟ್ಟಿದ ಸ್ವಯಂಚಾಲಿತ ಇನ್ಸುಲಿನ್ ವ್ಯವಸ್ಥೆಯ ಡೋಸ್ ಲೆಕ್ಕ) ಓದಿ. ಡೇನಾ ಲೂಯಿಸ್, ಸ್ಕಾಟ್ ಲೈಬ್ರಾಂಡ್, ಬೆನ್ ವೆಸ್ಟ್ ಸೇರಿ 2015ರಲ್ಲಿ ಎಲ್ಲರಿಗೂ ತೆರೆದಿಟ್ಟ ಕೆಲಸ ಅದು. ಆಂಡ್ರಾಯ್ಡ್‌ಎಪಿಎಸ್ ಎಂಬ ಫೋನ್ ಆಪ್ ಒಳಗೂ ಅದರದ್ದೇ ತರ್ಕ. ಈಗಿನ ಸಕ್ಕರೆ, ಬಾಕಿ ಇನ್ಸುಲಿನ್, ಬಾಕಿ ಊಟ ಇವುಗಳಿಂದ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡಿ, ಬೇಕಾದ ಇನ್ಸುಲಿನ್ನನ್ನು 30 ನಿಮಿಷದ ತಾತ್ಕಾಲಿಕ ಬೇಸಲ್ ಆಗಿ ಕೊಡುತ್ತದೆ. ಅಂದಾಜು 160 ಬಂತು, ಗುರಿ 110 ಎಂದರೆ 1 ಯೂನಿಟ್ ಬೇಕು, ಅರ್ಧ ಗಂಟೆಯಲ್ಲಿ ಕೊಡಬೇಕಾದ್ದರಿಂದ ದರ 0.75 + 2 = ಗಂಟೆಗೆ 2.75. ಇದಕ್ಕೂ ಮೇಲ್ಮಿತಿ ಇದೆ: ಈಗಿನ ಬೇಸಲ್ಲಿನ 4 ಪಟ್ಟು, ದಿನದ ಅತಿ ಹೆಚ್ಚಿನ ಬೇಸಲ್ಲಿನ 3 ಪಟ್ಟು, ಎರಡರಲ್ಲಿ ಕಡಿಮೆ ಯಾವುದೋ ಅದು. ಬೆಳಗಿನ ಜಾವದ ಬೇಸಲ್ 0.9 ಇದ್ದರೆ 2.7ಕ್ಕೆ ನಿಲ್ಲುತ್ತದೆ. ಅಂದಾಜು ಒಂದು ಗೆರೆಗಿಂತ ಕೆಳಗೆ ಹೋದರೆ ಸೊನ್ನೆ. ಆ ಗೆರೆ, ಗುರಿಗೂ 40ಕ್ಕೂ ನಡುವಿನ ಮಧ್ಯಬಿಂದು. ನಿಮ್ಮ 110ಕ್ಕೆ 75.

30 ನಿಮಿಷ ಯಾಕೆ ಎಂದರೆ, ಫೋನ್ ಸತ್ತರೂ ಆಪ್ ಬಿದ್ದರೂ ಅಷ್ಟು ಹೊತ್ತಿಗೆ ಪಂಪು ತಾನಾಗಿ ಮಾಮೂಲಿ ಬೇಸಲ್ಲಿಗೆ ಬರುತ್ತದೆ. ಇದಕ್ಕಿಂತ ಚೆಂದದ ಸುರಕ್ಷತೆ ನನಗಂತೂ ಕಂಡಿಲ್ಲ. ಯಾರೂ ಏನೂ ಮಾಡದಿದ್ದಾಗ ಕೆಲಸ ಮಾಡುತ್ತದೆ.

ಗೋಕರ್ಣ_ಎಐ

ಇಷ್ಟೆಲ್ಲ ಕೈಲೆಕ್ಕ ಯಾಕೆ? ಸಿಮ್ಯುಲೇಟರಿನಿಂದ ಬೇಕಾದಷ್ಟು ಡೇಟಾ ತೆಗೆದು ನ್ಯೂರಲ್ ನೆಟ್‌ವರ್ಕಿಗೆ ಕಲಿಸಿದರೆ ಅದೇ ಡೋಸ್ ಹೇಳುತ್ತದೆ. ಪಿಐಡಿ ಹಳೇ ಕಾಲದ್ದು.

ಸೋಂದಾ_ಲೂಪ್, ಶಿರಸಿ

ಹಳೇದೇ, ಆದರೆ ಅಮೆರಿಕದ ಎಫ್‌ಡಿಎ 2016ರಲ್ಲಿ ಒಪ್ಪಿದ ಮೊದಲ ಹೈಬ್ರಿಡ್ ಲೂಪ್ (ಊಟದ ಡೋಸ್ ಬಿಟ್ಟು ಉಳಿದದ್ದನ್ನು ತಾನೇ ನೋಡಿಕೊಳ್ಳುವ ಪಂಪು), ಮೆಡ್‌ಟ್ರಾನಿಕ್ 670ಜಿ, ಒಳಗೆ ಓಡುತ್ತಿದ್ದದ್ದು ಪಿಐಡಿಯೇ, ಇನ್ಸುಲಿನ್ ಫೀಡ್‌ಬ್ಯಾಕ್ ಸೇರಿಸಿದ ಪಿಐಡಿ. ಟ್ಯಾಂಡೆಮ್, ಆಮ್ನಿಪಾಡ್ 5 ಪಂಪುಗಳು ಮುಂದಿನದನ್ನು ಅಂದಾಜು ಮಾಡಿ ನಡೆಯುವ ಜಾತಿಯವು. ಎರಡರಲ್ಲೂ ಬಾಕಿ ಇನ್ಸುಲಿನ್ನಿನ ಲೆಕ್ಕ ಇದ್ದೇ ಇದೆ.

ಸಿಮ್ಯುಲೇಟರಿನ ಡೇಟಾದಿಂದ ಕಲಿತ ನೆಟ್‌ವರ್ಕಿಗೆ ಗೊತ್ತಾಗುವುದು ಸಿಮ್ಯುಲೇಟರ್ ಮಾತ್ರ. ಸಿಮ್‌ಗ್ಲೂಕೋಸ್ ಆಧಾರ ಮಾಡಿಕೊಂಡಿರುವುದು ವರ್ಜೀನಿಯಾ–ಪಡೋವಾ ವಿಶ್ವವಿದ್ಯಾಲಯಗಳ ಮಾದರಿಯ 2008ರ ಆವೃತ್ತಿ. ಅದರ 30 ರೋಗಿಗಳಿಗೆ (10 ಮಕ್ಕಳು, 10 ಹರೆಯದವರು, 10 ವಯಸ್ಕರು) ಜ್ವರ ಬರುವುದಿಲ್ಲ, ಬೆಳಗಿನ ಜಾವ ಸಕ್ಕರೆ ಏರುವುದಿಲ್ಲ, ಸೂಜಿ ಕೊಳವೆ ಕಳಚಿ ಬೀಳುವುದಿಲ್ಲ. ಯಾರಿಗೆ ಯಾವತ್ತು ಯಾಕೆ ಆ ಡೋಸ್ ಹೋಯಿತು ಎಂದು ರಾತ್ರಿ 2 ಗಂಟೆಗೆ ಒಬ್ಬ ತಾಯಿ ಲಾಗ್ ತೆರೆದು ಕೇಳಿದರೆ ಒಂದು ಸಾಲಿನಲ್ಲಿ ಉತ್ತರ ಇರಬೇಕು. ಓರೆಫ್0 ಪ್ರತಿ ನಿರ್ಧಾರದ ಜೊತೆ ಕಾರಣ ಬರೆದಿಡುವುದು ಅದಕ್ಕೇ. ನೆಟ್‌ವರ್ಕ್ ಬೇಕೆಂದರೆ ಊಟ ಪತ್ತೆಹಚ್ಚಲು ಇಟ್ಟುಕೊಳ್ಳಿ, ಡೋಸಿನ ಮಿತಿ ಮಾತ್ರ ಅದರ ಕೈಗೆ ಕೊಡಬೇಡಿ.

ಅಘನಾಶಿನಿ, ಕುಮಟಾ (ಮಧುಮೇಹ ಆಪ್ತಸಲಹೆ)

ಕೋಡಿನ ವಿಷಯ ಮೇಲಿನವರು ಹೇಳಿಯಾಯ್ತು. ಊಟ ಮತ್ತು ಮೈಮೇಲಿನ ಸಮಸ್ಯೆ ನಾನು ಹೇಳ್ತೇನೆ.

ಊಟ ಹೇಳದೆ ಕಂಟ್ರೋಲರ್ ನಿಭಾಯಿಸಲಿ ಎಂಬ ಪರೀಕ್ಷೆ ಇರಲಿ, ಆದರೆ ಅದೇ ಮುಖ್ಯ ಪರೀಕ್ಷೆ ಆಗಬಾರದು. ಈಗ ಮಾರುಕಟ್ಟೆಯಲ್ಲಿ ಹೆಚ್ಚಿನವು ಹೈಬ್ರಿಡ್, ಅಂದರೆ ಊಟದ ಬೋಲಸ್ ಮನುಷ್ಯರೇ ಒತ್ತಬೇಕು. 70 ಗ್ರಾಮಿಗೆ 5 ಯೂನಿಟ್, ಊಟಕ್ಕೆ 15 ನಿಮಿಷ ಮುಂಚೆ. ನಿಮ್ಮ ಪರೀಕ್ಷೆಯಲ್ಲಿ ಇವನ್ನೆಲ್ಲ ಬೇರೆ ಬೇರೆಯಾಗಿ ಓಡಿಸಿ: ಸರಿಯಾದ ಬೋಲಸ್, ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಒತ್ತಿದ್ದು, 70 ಗ್ರಾಂ ಎಂದು ಹೇಳಿ 40 ತಿಂದದ್ದು, ಬೋಲಸ್ ಹಾಕಿ ಊಟವನ್ನೇ ಬಿಟ್ಟದ್ದು. ಕೊನೆಯದು ಮನೆಗಳಲ್ಲಿ ಮಕ್ಕಳ ವಿಷಯದಲ್ಲಿ ತೀರಾ ಸಾಮಾನ್ಯ, ಮತ್ತು ಅಪಾಯ ಇರುವುದೂ ಅಲ್ಲೇ.

ಬೇಯಿಸಿದ ಅನ್ನ 100 ಗ್ರಾಮಿಗೆ ಸುಮಾರು 28 ಗ್ರಾಂ ಪಿಷ್ಟ. ಒಣ ಅವಲಕ್ಕಿ 50 ಗ್ರಾಮಿಗೆ 38ರ ಆಸುಪಾಸು. ಹಲಸಿನ ತೊಳೆ 100 ಗ್ರಾಮಿಗೆ 23ರ ಸುಮಾರು, ಜೂನ್ ತಿಂಗಳಲ್ಲಿ ಎಷ್ಟು ತೊಳೆ ಹೋಯಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಗ್ರಾಮಿನಷ್ಟೇ ವೇಗವೂ ಮುಖ್ಯ. ಶಿರಸಿ ಕಡೆ ಆಲೆಮನೆಯಲ್ಲಿ ಒಂದು ಲೋಟ ಕಬ್ಬಿನಹಾಲು ಕುಡಿದರೆ 25 ಗ್ರಾಂ ದಾಟುತ್ತದೆ, ಇನ್ಸುಲಿನ್ ಜೋರಾಗುವ ಮೊದಲೇ ಸಕ್ಕರೆ ಏರಿಯಾಗಿರುತ್ತದೆ. ಅದೇ ಕುಚಲಕ್ಕಿ ಅನ್ನದ ಮೇಲೆ ತೆಂಗಿನಕಾಯಿ ಅರೆದ ಮೀನುಸಾರು, ಪಕ್ಕಕ್ಕೆ ಹುರಿದ ಬಂಗಡೆ ಇದ್ದರೆ ಕೊಬ್ಬಿನಿಂದ ಹೊಟ್ಟೆ ಖಾಲಿಯಾಗುವುದೇ ತಡ. ಪೂರ್ತಿ 5 ಯೂನಿಟ್ ಒಮ್ಮೆಲೇ ಹೋದರೆ ಮೊದಲ ಒಂದೂವರೆ ಗಂಟೆಯಲ್ಲಿ ಲೋ (ಸಕ್ಕರೆ ತೀರಾ ಕಡಿಮೆ), ನಾಲ್ಕನೇ ಗಂಟೆಗೆ ಹೈ. ನಿಮ್ಮ ಸಿಮ್ಯುಲೇಟರಿಗೆ ಕೊಬ್ಬು ಗೊತ್ತಿಲ್ಲ. 70 ಗ್ರಾಮನ್ನು 1:00ಕ್ಕೆ 40, 2:30ಕ್ಕೆ 30 ಎಂದು ಒಡೆದು ಕೊಟ್ಟರೆ ಹತ್ತಿರ ಹತ್ತಿರ ಬರುತ್ತದೆ.

ಇನ್ನು ಕ್ಯಾನುಲಾ (ಚರ್ಮದೊಳಗೆ ಇನ್ಸುಲಿನ್ ಬಿಡುವ ಸಣ್ಣ ಕೊಳವೆ) ಸಮಸ್ಯೆ. ಮಳೆಗಾಲದಲ್ಲೂ, ಏಪ್ರಿಲ್–ಮೇ ಸೆಖೆಯಲ್ಲೂ ಬೆವರಿಗೆ ಪ್ಲಾಸ್ಟರ್ ಸಡಿಲಾಗಿ ಕ್ಯಾನುಲಾ ಅರ್ಧ ಹೊರಗೆ ಬರುತ್ತದೆ. ಇನ್ಸುಲಿನ್ ಬಟ್ಟೆಗೆ ಹೋಗುತ್ತದೆ, ಪಂಪು ಕೊಟ್ಟೆ ಎನ್ನುತ್ತದೆ. ಕೊಳವೆ ಕಟ್ಟಿದರೆ ಅಲಾರಂ ಬರುತ್ತದೆ, ಸೋರಿದರೆ ಬರುವುದಿಲ್ಲ. ಪಂಪಿನಲ್ಲಿ ದೀರ್ಘಕಾಲದ ಇನ್ಸುಲಿನ್ ಇರುವುದಿಲ್ಲವಾದ್ದರಿಂದ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ಮೈ ಕೊಬ್ಬು ಕರಗಿಸಿ ಬರುವ ಆಮ್ಲ) ಶುರು. ಕಂಟ್ರೋಲರಿಗೆ ಇದನ್ನು ಹೀಗೆ ಕಲಿಸಿ: ಬಾಕಿ ಇನ್ಸುಲಿನ್ ಸಾಕಷ್ಟಿದೆ ಎಂದು ಲೆಕ್ಕ ಹೇಳುತ್ತದೆ, ಆದರೂ ಸಕ್ಕರೆ 250ರ ಮೇಲೆ 2 ಗಂಟೆ ನಿಂತಿದೆ. ಹಾಗಾದರೆ ಇನ್ನಷ್ಟು ಕೊಡುವುದಲ್ಲ, ಕೂಗಬೇಕು. ಕೀಟೋನ್ ನೋಡಿ, ಪೆನ್ನಿನಲ್ಲಿ ಇಂಜೆಕ್ಷನ್ ಕೊಡಿ, ಸೆಟ್ (ಕೊಳವೆ, ಕ್ಯಾನುಲಾ) ಬದಲಿಸಿ ಎಂಬ ಅಲಾರಂ. ರಕ್ತದ ಕೀಟೋನ್ (ಮಿ.ಮೋಲ್/ಲೀ.) 0.6ರ ಕೆಳಗಿದ್ದರೆ ಸರಿ, 1.5 ದಾಟಿದರೆ ವೈದ್ಯರಿಗೆ ಫೋನ್, 3 ದಾಟಿದರೆ ನೇರ ಆಸ್ಪತ್ರೆ.

ಸೆಟ್ ಬದಲಿಸಿದ ಮೇಲೆ ಎರಡು ತೊಡಕುಗಳಿವೆ. ಬಟ್ಟೆಗೆ ಹೋದ ಇನ್ಸುಲಿನ್ನನ್ನೂ ಕಂಟ್ರೋಲರ್ ಬಾಕಿ ಎಂದೇ ಎಣಿಸುತ್ತಿರುತ್ತದೆ, ಹಾಗಾಗಿ ಹೊಸ ಸೆಟ್ಟಿನಲ್ಲೂ ಕೊಡದೆ ಕೂರುತ್ತದೆ. ಇನ್ನೊಂದು ಇದಕ್ಕಿಂತ ಅಪಾಯ: ಪೆನ್ನಿನಲ್ಲಿ ಹಾಕಿದ 4 ಯೂನಿಟ್ಟನ್ನು ಆಪ್‌ನಲ್ಲಿ ಬರೆಯದಿದ್ದರೆ ಅದರ ಮೇಲೆ ಮತ್ತೆ 4 ಕೊಡುತ್ತದೆ. ನಿಮ್ಮ ಪರದೆಯಲ್ಲಿ 'ಪೆನ್ನಿನಲ್ಲಿ ಹಾಕಿದೆ' ಎಂಬ ಬಟನ್ ಮುಖ್ಯ ಪುಟದಲ್ಲೇ ಇರಲಿ, ಮೆನು ಒಳಗೆ ಹುದುಗಿಸಬೇಡಿ.

ರಾತ್ರಿ ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಹತ್ತು–ಹದಿನೈದು ನಿಮಿಷದಲ್ಲಿ ಸುಳ್ಳು ಲೋ ತೋರಿಸಿ, ಮಗ್ಗುಲು ಬದಲಿಸಿದೊಡನೆ ಮೇಲೆ ಬರುತ್ತದೆ. ಇದರಿಂದ ಇನ್ಸುಲಿನ್ ನಿಲ್ಲುತ್ತದೆ ಅಷ್ಟೆ. ಆದರೆ ವಾಪಸು ಜಿಗಿದದ್ದನ್ನು 'ಊಟ ಮಾಡಿದರು' ಎಂದು ತಿಳಿದು ಸುರಿಯದಂತೆ ನೋಡಿಕೊಳ್ಳಿ.

ಒಂದು ಮಾತು, ನಿಜವಾದ ಲೋ ಬಂದಾಗ ಹಳೆಯ 15 ಗ್ರಾಂ ಗ್ಲೂಕೋಸ್ ಸೂತ್ರ ಲೂಪಿನಲ್ಲಿ ಹೆಚ್ಚಾಗುತ್ತದೆ. ಪಂಪು ಅಷ್ಟರಲ್ಲಿ ಬೇಸಲ್ ನಿಲ್ಲಿಸಿಯಾಗಿರುತ್ತದೆ, ಸಾಮಾನ್ಯವಾಗಿ 5ರಿಂದ 10 ಗ್ರಾಂ ಸಾಕು.

ಬೈತಖೋಲ, ಕಾರವಾರ

ಹಾರ್ಡ್‌ವೇರ್ ಭಾಗ. ಹಳೆ ಪಂಪು ಸಿಕ್ಕರೆ ಅದರಲ್ಲಿ ನೀರು ತುಂಬಿ, ಮನುಷ್ಯರಿಗೆ ಜೋಡಿಸಬೇಡಿ. ಇದು ಚರ್ಚೆಯ ವಿಷಯವೇ ಅಲ್ಲ ಮಾರಾಯ್ರೆ.

ಯು-100 ಇನ್ಸುಲಿನ್ನಿನಲ್ಲಿ 1 ಯೂನಿಟ್ ಎಂದರೆ 0.01 ಮಿ.ಲೀ., ನೀರಿನ ತೂಕದಲ್ಲಿ 10 ಮಿಲಿಗ್ರಾಂ. ಪಂಪಿನ ಸಣ್ಣ ಹೆಜ್ಜೆ 0.05 ಯೂನಿಟ್, ಅಂದರೆ ಅರ್ಧ ಮಿಲಿಗ್ರಾಂ. ಕೆಮಿಸ್ಟ್ರಿ ಲ್ಯಾಬಿನಲ್ಲಿ 0.1 ಮಿಲಿಗ್ರಾಂ ತೋರಿಸುವ ತಕ್ಕಡಿ ಇರುತ್ತದೆ, ಕೇಳಿ ತಗೊಳ್ಳಿ. ಸಣ್ಣ ಬೀಕರಿನಲ್ಲಿ ನೀರು, ಮೇಲೆ ತೆಳ್ಳಗೆ ಪ್ಯಾರಾಫಿನ್ ಎಣ್ಣೆ, ಕೊಳವೆಯ ತುದಿ ಎಣ್ಣೆಯ ಕೆಳಗೆ. ಎಣ್ಣೆ ಇಲ್ಲದಿದ್ದರೆ ಆವಿಯಾಗುವ ನೀರೇ ನಿಮ್ಮ ಬೇಸಲ್ಲನ್ನು ನುಂಗಿ ಹಾಕುತ್ತದೆ. ಕೊಳವೆ ಬೀಕರಿನ ಅಂಚಿಗೆ ತಾಗಬಾರದು, ಫ್ಯಾನ್ ಬಂದ್. ಗಂಟೆಗೆ 0.75 ಎಂದರೆ 7.5 ಮಿಲಿಗ್ರಾಂ, 6 ಗಂಟೆ ಓಡಿಸಿ 45 ಬರಬೇಕು.

0.05ರ ಹೆಜ್ಜೆ ಕೋಡಿನಲ್ಲೂ ಕಾಡುತ್ತದೆ. ಲೆಕ್ಕ 0.07 ಎಂದರೆ ಪಂಪು ಕೊಡುವುದು 0.05. ಉಳಿದ 0.02ನ್ನು ಮುಂದಿನ ಸುತ್ತಿಗೆ ಒಯ್ಯಬೇಕು, ಮತ್ತು ಬಾಕಿ ಲೆಕ್ಕಕ್ಕೆ 0.05 ಮಾತ್ರ ಬರೆಯಬೇಕು. ಕೇಳಿದ್ದನ್ನು ಬರೆಯಬೇಡಿ, ಕೊಟ್ಟದ್ದನ್ನು ಬರೆಯಿರಿ.

ಎಲ್ಲಕ್ಕಿಂತ ಕೆಟ್ಟ ದೋಷ: ಬೋಲಸ್ ಆಜ್ಞೆ ಪಂಪಿಗೆ ಮುಟ್ಟಿತು, ಪಂಪು ಕೊಟ್ಟಿತು, 'ಆಯ್ತು' ಎಂಬ ಉತ್ತರ ಬರುವಾಗ ಬ್ಲೂಟೂತ್ ಕಡಿಯಿತು. ಕೋಡ್ ಸೋತೆ ಎಂದು ತಿಳಿದು ಮತ್ತೆ ಕಳಿಸಿದರೆ ಎರಡು ಪಟ್ಟು. ಉತ್ತರ ಬರಲಿಲ್ಲ ಎಂದರೆ ಮೊದಲು ಪಂಪಿನ ಹಿಸ್ಟರಿ ಓದಿ. ಓದಲಾಗುವ ತನಕ ಪೂರ್ತಿ ಕೊಟ್ಟಾಗಿದೆ ಎಂದೇ ಎಣಿಸಿ. ತಾತ್ಕಾಲಿಕ ಬೇಸಲ್ಲನ್ನು ಮತ್ತೆ ಕಳಿಸಿದರೆ ತೊಂದರೆಯಿಲ್ಲ, ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಬೋಲಸ್ ಹಾಗಲ್ಲ. ಬೆಂಚಿನ ಮೇಲೆ ಇದನ್ನು ಬೇಕೆಂದೇ ಮಾಡಿ: ಆಜ್ಞೆ ಹೋದ ಕ್ಷಣಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಅಥವಾ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ. ನೀರು 2.4 ಗಿಗಾಹರ್ಟ್ಸ್ ಕುಡಿಯುತ್ತದೆ. ಪಂಪು ಹೊಟ್ಟೆಯ ಈಚೆ, ಫೋನ್ ಬೆನ್ನಿನ ಆಚೆ ಇದ್ದರೆ ಮೈಯೇ ಗೋಡೆ.

ಸಮಯ ಯುಟಿಸಿಯಲ್ಲೇ (ಎಲ್ಲ ದೇಶಕ್ಕೂ ಒಂದೇ ಆದ ಸಮಯ) ಇಡಿ. ಭಟ್ಕಳದಿಂದ ದುಬೈಗೆ ಇಳಿದವರ ಫೋನ್ ಒಂದೂವರೆ ಗಂಟೆ ಹಿಂದೆ ಹೋಗುತ್ತದೆ. ಸ್ಥಳೀಯ ಸಮಯದಲ್ಲಿ ಲೆಕ್ಕ ಇಟ್ಟಿದ್ದರೆ ಈಗಷ್ಟೇ ಕೊಟ್ಟ ಇನ್ಸುಲಿನ್ 'ಮುಂದೆ ಕೊಡಲಿರುವುದು' ಆಗಿ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ನೆಟ್‌ವರ್ಕ್ ನಂಬಿ ಕ್ಲೌಡಿನಲ್ಲಿ ಲೆಕ್ಕ ಮಾಡಿಸಬೇಡಿ. ದೇವಿಮನೆ ಘಾಟಿಯಲ್ಲಾಗಲಿ, ಬಂದರಿನಿಂದ ದೂರ ಹೋದ ದೋಣಿಯಲ್ಲಾಗಲಿ ಲೆಕ್ಕ ಫೋನಿನಲ್ಲೋ ಪಂಪಿನಲ್ಲೋ ನಡೆಯಬೇಕು. ಓದಿದ್ದು 12 ನಿಮಿಷಕ್ಕಿಂತ ಹಳತಾದರೆ ಓರೆಫ್0 ಹೆಚ್ಚಿನ ಬೇಸಲ್ಲನ್ನು ರದ್ದು ಮಾಡುತ್ತದೆ. ಅದೇ ಸಂಖ್ಯೆ ಇಟ್ಟುಕೊಳ್ಳಿ.

ಘಾಟಿ ಎಂದಾಗ ನೆನಪಾಯ್ತು. ಪಂಪಿನ ಇನ್ಸುಲಿನ್ ತುಂಬುವ ರಿಸರ್ವಾಯರಿನಲ್ಲಿ ಗಾಳಿಗುಳ್ಳೆ ಇದ್ದರೆ ಕುಮಟಾದಿಂದ ಶಿರಸಿಗೆ ಏರುವಾಗ ಅದು ಉಬ್ಬುತ್ತದೆ. ಸುಮಾರು 600 ಮೀಟರಿಗೆ ಗಾಳಿಯ ಒತ್ತಡ ಶೇ. 7ರಷ್ಟು ಇಳಿಯುತ್ತದೆ. 0.1 ಮಿ.ಲೀ. ಗುಳ್ಳೆ 0.007 ಮಿ.ಲೀ. ಹೆಚ್ಚಾದರೆ 0.7 ಯೂನಿಟ್ ಪಂಪಿಗೆ ಗೊತ್ತಿಲ್ಲದೆ ಹೊರಬಿತ್ತು. ದೊಡ್ಡವರಿಗೆ ಇದು 35 ಮಿ.ಗ್ರಾಂ. ಒಂದು ಯೂನಿಟ್ಟಿಗೆ 150 ಇಳಿಯುವ ಪುಟ್ಟ ಮಗುವಿಗೆ 105. ಗುಳ್ಳೆ ಬರುವುದು ಹೆಚ್ಚಾಗಿ ಫ್ರಿಜ್ಜಿನಿಂದ ತೆಗೆದ ತಣ್ಣನೆ ಇನ್ಸುಲಿನ್ನನ್ನು ಹಾಗೇ ತುಂಬಿದಾಗ. ವಯಲ್ ಕೋಣೆಯ ಬಿಸಿಗೆ ಬಂದ ಮೇಲೆ ತುಂಬಬೇಕು.

ಕರೆಂಟ್ ಹೋದಾಗ ಇನ್ಸುಲಿನ್ನನ್ನು ಒದ್ದೆ ಮಡಕೆಯಲ್ಲಿಡುವ ಉಪಾಯ ಬಯಲುಸೀಮೆಯ ಒಣ ಹವೆಗೆ ಒಳ್ಳೇದು. ನಮ್ಮ ಕಡೆ ಹವೆಯಲ್ಲೇ ನೀರಿರುವಾಗ ಮಡಕೆ ಬೆವರುವುದಿಲ್ಲ, ತಂಪೂ ಆಗುವುದಿಲ್ಲ. ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿ ದಾಟಬಾರದು, ದಾಟಿದರೆ ಚೆಲ್ಲುವುದೇ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅದನ್ನು ಸಲೀಸಾಗಿ ದಾಟುತ್ತದೆ.

ಕಾಳಿತೀರ, ಕಾರವಾರ

ಎಲ್ಲರಿಗೂ ತುಂಬಾ ಧನ್ಯವಾದ. ಹೆಜ್ಜೆಯ ಅಂತರ ಸರಿಪಡಿಸಿ, ಬಾಕಿ ಇನ್ಸುಲಿನ್ ಸೇರಿಸಿದೆವು. ಕರ್ವಿನ ನಾಲ್ಕೂ ಸಂಖ್ಯೆ ತಾಳೆಯಾದವು. ಊಟ ಹೇಳದೆ ಓಡಿಸಿದರೆ ಈಗ ಮೇಲೆ 268, ಕೆಳಗೆ 81. ಬೋಲಸ್ ಸರಿಯಾಗಿ ಕೊಟ್ಟರೆ ಮೇಲೆ 172. ಅಘನಾಶಿನಿ ಮೇಡಂ ಹೇಳಿದ 'ಬೋಲಸ್ ಹಾಕಿ ಊಟ ಬಿಟ್ಟದ್ದು' ಮಾತ್ರ ಯಾವ ಸೆಟ್ಟಿಂಗಿನಲ್ಲೂ ತಪ್ಪಿಸಲಾಗುತ್ತಿಲ್ಲ.

ಇನ್ನೊಂದು ಸಮಸ್ಯೆ: ರೋಗಿಗೆ ಇನ್ಸುಲಿನ್ ಕಡಿಮೆ ತಾಗುವ ದಿನ ಹೇಗಿರುತ್ತದೆ ಎಂದು ನೋಡಲು ಕೊಟ್ಟದ್ದರಲ್ಲಿ ಶೇ. 70 ಮಾತ್ರ ಒಳಗೆ ಬಿಟ್ಟೆವು. ದಿನವಿಡೀ 190–200ರಲ್ಲೇ ನಿಲ್ಲುತ್ತದೆ. ಮತ್ತೆ ಗೈಡ್ ಕೇಳುತ್ತಿದ್ದಾರೆ, ಕೊನೆಗೆ ಒಬ್ಬ ಸ್ವಯಂಸೇವಕರ ಮೇಲೆ ತೋರಿಸಬಹುದಾ ಎಂದು.

ಸೋಂದಾ_ಲೂಪ್, ಶಿರಸಿ

ಬೋಲಸ್ ಹಾಕಿ ಊಟ ಬಿಟ್ಟದ್ದನ್ನು ಕಂಟ್ರೋಲರ್ ತಪ್ಪಿಸಲಾರದು. 5 ಯೂನಿಟ್ ಎಂದರೆ 250 ಮಿ.ಗ್ರಾಂ ಇಳಿತ, ಬೇಸಲ್ ನಿಲ್ಲಿಸಿ ಅದರ ಕಾಲುಭಾಗವೂ ಸಕಾಲಕ್ಕೆ ಉಳಿಯುವುದಿಲ್ಲ. ಇಲ್ಲಿ ನಿಮ್ಮ ಕೆಲಸ ಬೇಗ ಕೂಗುವುದು. ಊಟ ಹೇಳಿ 30–40 ನಿಮಿಷವಾದರೂ ಸಕ್ಕರೆ ಏರದೆ ಇಳಿಯುತ್ತಿದ್ದರೆ 'ಊಟ ಆಯ್ತಾ? ಇಷ್ಟು ಗ್ರಾಂ ತಿನ್ನಬೇಕು' ಎಂದು ಗ್ರಾಂ ಸಹಿತ ಹೇಳಲಿ. ವರದಿಯಲ್ಲಿ ಇದನ್ನು ಮಿತಿ ಎಂದೇ ಬರೆಯಿರಿ, ಮುಚ್ಚಿಡಬೇಡಿ.

190ರಲ್ಲಿ ನಿಲ್ಲುವುದಕ್ಕೆ ಓರೆಫ್0ದ ಆಟೋಸೆನ್ಸ್ (ಇನ್ಸುಲಿನ್ ಎಷ್ಟು ತಾಗುತ್ತಿದೆ ಎಂದು ತಾನೇ ಅಳೆಯುವ ಭಾಗ) ಥರದ್ದು ಬೇಕು. ಹಿಂದಿನ 8 ಗಂಟೆ ಮತ್ತು 24 ಗಂಟೆಗಳಲ್ಲಿ ಇನ್ಸುಲಿನ್ ಲೆಕ್ಕ ಹೇಳಿದ ಇಳಿತಕ್ಕೂ ನಿಜವಾದ ಇಳಿತಕ್ಕೂ ಇರುವ ವ್ಯತ್ಯಾಸ ಕೂಡಿಡಿ, ಊಟ ಕರಗುವ ಹೊತ್ತನ್ನು ಬಿಟ್ಟು. ವ್ಯತ್ಯಾಸ ಸತತ ಒಂದೇ ಕಡೆ ಇದ್ದರೆ ಬೇಸಲ್ಲನ್ನು ಆ ಅನುಪಾತದಿಂದ ಗುಣಿಸಿ, 50 ಎಂಬ ಸಂಖ್ಯೆಯನ್ನು ಅದರಿಂದಲೇ ಭಾಗಿಸಿ. ಓರೆಫ್0 ಇದಕ್ಕೆ ಕೆಳಗೆ 0.7, ಮೇಲೆ 1.2 ಮಿತಿ ಇಟ್ಟಿದೆ. ಇಳಿಸಲು ಜಾಗ ಹೆಚ್ಚು, ಏರಿಸಲು ಕಡಿಮೆ, ಬೇಕೆಂದೇ ಹಾಗೆ. ನಿಮ್ಮ ಶೇ. 70ರ ದಿನಕ್ಕೆ 1.4 ಬೇಕು, 1.2ಕ್ಕೆ ನಿಂತು ಪೂರ್ತಿ ಸರಿಹೋಗುವುದಿಲ್ಲ. ಹೋಗದಿರಲಿ. ಅಷ್ಟು ವ್ಯತ್ಯಾಸ ಬಂದ ದಿನ ಜ್ವರವೋ, ಹಾಳಾದ ಇನ್ಸುಲಿನ್ನೋ, ಕಳಚಿದ ಕ್ಯಾನುಲಾವೋ ಇರುತ್ತದೆ, ಅದನ್ನು ಮನುಷ್ಯರು ನೋಡಬೇಕು. ಹಾಗೆಯೇ ಶೇ. 130 ಒಳಗೆ ಬಿಟ್ಟ ದಿನವನ್ನೂ ಓಡಿಸಿ, 70ರ ಕೆಳಗೆ ಕಳೆದ ಸಮಯ ಬರೆಯಿರಿ. 30 ರೋಗಿಗಳಿಗೂ ಪ್ರತ್ಯೇಕ ಸಾಲು ಬೇಕು, ಸರಾಸರಿ ಒಂದೇ ಕೊಟ್ಟರೆ ಮಕ್ಕಳ ಲೋ ಅದರೊಳಗೆ ಮುಚ್ಚಿಹೋಗುತ್ತದೆ. ಹೋಲಿಸಲು ಅಂತರರಾಷ್ಟ್ರೀಯ ಒಮ್ಮತದ ಗುರಿ ಇದೆ: 70–180ರ ನಡುವೆ ಶೇ. 70ಕ್ಕಿಂತ ಹೆಚ್ಚು ಸಮಯ, 70ರ ಕೆಳಗೆ ಶೇ. 4ಕ್ಕಿಂತ ಕಡಿಮೆ, 54ರ ಕೆಳಗೆ ಶೇ. 1ಕ್ಕಿಂತ ಕಡಿಮೆ.

ಸ್ವಯಂಸೇವಕರು: ಬೇಡ. ಮನುಷ್ಯರ ಮೇಲೆ ಪ್ರಯೋಗ ಎಂದರೆ 2017ರ ವೈದ್ಯಕೀಯ ಉಪಕರಣ ನಿಯಮಗಳು ಬರುತ್ತವೆ, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸೆಮಿಸ್ಟರ್ ಒಳಗೆ ಆಗುವ ಕೆಲಸವಲ್ಲ, ಆಗಬಾರದು ಕೂಡ. ತೆರೆದ ಕೋಡಿನ ವ್ಯವಸ್ಥೆಗಳೂ ಆ ದಾರಿಯಲ್ಲೇ ಸಾಬೀತಾದದ್ದು. ನ್ಯೂಜಿಲೆಂಡಿನ ಕ್ರಿಯೇಟ್ ಪ್ರಯೋಗದಲ್ಲಿ 97 ಜನ, 24 ವಾರ, 2022ರಲ್ಲಿ ಪ್ರಕಟವಾಯ್ತು. ಲೂಪ್ ಹಾಕಿದವರು 70–180ರೊಳಗೆ ಕಳೆದ ಸಮಯ ಶೇ. 61.2ರಿಂದ 71.2ಕ್ಕೆ ಏರಿತು, ಬರೀ ಪಂಪು–ಸೆನ್ಸರ್ ಇದ್ದವರದ್ದು 57.7ರಿಂದ 54.5ಕ್ಕೆ ಇಳಿಯಿತು.

ಗೈಡ್‌ಗೆ ತೋರಿಸಲು ಇನ್ನೊಂದು ದಾರಿ: ಬೆಂಚಿನ ಮೇಲೆ ಸಿಮ್ಯುಲೇಟರಿನ ರೋಗಿ ಲ್ಯಾಪ್‌ಟಾಪಿನಲ್ಲಿ, ನಿಮ್ಮ ಕಂಟ್ರೋಲರ್ ಫೋನಿನಲ್ಲಿ, ನೀರು ತುಂಬಿದ ಪಂಪು ತಕ್ಕಡಿಯ ಮೇಲೆ. ತಕ್ಕಡಿಯ ತೂಕವನ್ನೇ ಯೂನಿಟ್ಟಿಗೆ ಬದಲಿಸಿ ಸಿಮ್ಯುಲೇಟರಿಗೆ ವಾಪಸು ಕೊಡಿ. ಆಗ ಪಂಪು ಹೇಳಿದ್ದಲ್ಲ, ನಿಜವಾಗಿ ಬಿದ್ದದ್ದು ರೋಗಿಗೆ ಹೋಗುತ್ತದೆ. ಮಧ್ಯೆ ಕೊಳವೆ ಎಳೆದು ಬಿಟ್ಟರೆ ಕ್ಯಾನುಲಾ ಕಳಚಿದ್ದಕ್ಕೆ ಬೇರೆ ಕೋಡ್ ಬೇಕಿಲ್ಲ.

ಬೈತಖೋಲ, ಕಾರವಾರ

ಅದನ್ನು ಮಾಡುವುದಾದರೆ ತಕ್ಕಡಿಯ ಆಟೋ ಜೀರೋ ಬಂದ್ ಮಾಡಿ. ಇಲ್ಲದಿದ್ದರೆ ಅರ್ಧ ಮಿಲಿಗ್ರಾಮಿನ ಹನಿಗಳನ್ನು ಅದು ಅಲುಗಾಟ ಎಂದು ತಿಳಿದು ಸೊನ್ನೆಗೆ ತಂದುಬಿಡುತ್ತದೆ.